ಎಣ್ಣೆಯಲ್ಲದ ಎಣ್ಣೆ

ನಮ್ಮ ಸೋದರಮಾವನಿಗೆ ರಾಯದುರ್ಗದಲ್ಲಿ ಒಬ್ಬ ಶತ್ರುವೂ ಇಲ್ಲ. ಆದರೂ ಅವರು ದೂರದಲ್ಲಿ ಬರುವುದು ಕಂಡರೆ ಸಾಕು, ಒಳ್ಳೊಳ್ಳೆಯ ಮನುಷ್ಯರೆಲ್ಲ ಮೋಟಾರ್ ಸೈಕಲ್ ತಿರುಗಿಸಿಕೊಂಡು ಪಕ್ಕದ ಓಣಿ ಹಿಡಿಯುತ್ತಾರೆ! ಇದು ನಾನು ಕಟ್ಟಿ ಹೇಳುತ್ತಿರುವ ಮಾತಲ್ಲ. ನಮ್ಮ ತಂದೆಯೇ ಎರಡು ಸಲ ಹಾಗೆ ಓಣಿ ಹಿಡಿದು, ಒಂದು ಸಲ ಎಮ್ಮೆಗೆ ಡಿಕ್ಕಿ ಹೊಡೆದಿದ್ದಾರೆ.

ಕಾರಣ ಇಷ್ಟೇ. ಮೋಟಾರ್ ಸೈಕಲ್ಲಿನ ಹ್ಯಾಂಡಲ್ ಮೇಲೆ, ಮುಂದಿನ ಬ್ರೇಕ್ ಹಿಡಿಯುವ ಕಡೆ, ಬೆಂಕಿಪೊಟ್ಟಣಕ್ಕಿಂತ ಕೊಂಚ ದೊಡ್ಡದಾದ ಡಬ್ಬಿಯೊಂದು ಕೂತಿರುತ್ತದೆ. ನೀವು ಗಮನಿಸಿರಲಿಕ್ಕಿಲ್ಲ. ಯಾರು ತಾನೆ ಗಮನಿಸುತ್ತಾರೆ? ಅದಕ್ಕೆ ಉಗುರಿನಗಲದ ಗಾಜಿನ ಕಿಟಕಿ. ಅದರೊಳಗೆ, ಕೈ ಒತ್ತಿದ್ದನ್ನು ಚಕ್ರಕ್ಕೆ ಮುಟ್ಟಿಸುವ ಬ್ರೇಕಿನ ದ್ರವ. ನಮ್ಮ ಮಾವ ದಾರಿಯಲ್ಲಿ ಯಾರೇ ನಿಲ್ಲಲಿ, ಬಗ್ಗಿ, ಒಂದು ಕಣ್ಣು ಮುಚ್ಚಿ, ಆ ಕಿಟಕಿಯಲ್ಲಿ ಇಣುಕುತ್ತಾರೆ. ಬಣ್ಣ ತಿಳಿಯಾಗಿದ್ದರೆ, "ಆರಾಮ ಅದೀರೇನ್ರಿ?" ಎಂದು ಕೇಳುತ್ತಾರೆ. ಬಣ್ಣ ಕಪ್ಪಗಾಗಿದ್ದರೆ ಆ ಪ್ರಶ್ನೆಯೂ ಇಲ್ಲ. "ಹೆಂಡ್ತಿ ಮಕ್ಕಳು ಅದಾರಿಲ್ಲೋ ನಿಮಗ?" ಎನ್ನುತ್ತಾರೆ. ಕೇಳಿಸಿಕೊಂಡವರಿಗೆ ಅದು ಕುಶಲಪ್ರಶ್ನೆಯೋ ಶಾಪವೋ ತಿಳಿಯುವುದಿಲ್ಲ.

ರಾಯದುರ್ಗದ ಅರ್ಧ ಊರು ಜೀನ್ಸ್ ಹೊಲಿದು ಬದುಕುತ್ತದೆ. ಕಾರ್ಖಾನೆಯಲ್ಲಿ ಕತ್ತರಿಸಿದ ಬಟ್ಟೆಯ ಗಂಟುಗಳನ್ನು ಸುತ್ತಲಿನ ಹಳ್ಳಿಗಳ ಮನೆಗಳಿಗೆ ಮುಟ್ಟಿಸಿ, ಹೊಲಿದದ್ದನ್ನು ವಾಪಸ್ ತರುವುದು ಮಾವನ ಕೆಲಸ. ಇವತ್ತು ಡಿ. ಹಿರೇಹಾಳ್ ಕಡೆಯಾದರೆ ನಾಳೆ ಭೈರವಾನಿತಿಪ್ಪದ ಕಡೆ. ಗಾಡಿಯ ಹಿಂಬದಿಗೆ ನೀಲಿ ಬಟ್ಟೆಯ ಗಂಟನ್ನು ಎಷ್ಟು ಎತ್ತರಕ್ಕೆ ಕಟ್ಟುತ್ತಿದ್ದರೆಂದರೆ, ಹಿಂದಿನಿಂದ ನೋಡಿದವರಿಗೆ ಮಾವನೂ ಕಾಣುತ್ತಿರಲಿಲ್ಲ, ಗಾಡಿಯೂ ಕಾಣುತ್ತಿರಲಿಲ್ಲ. ಬಟ್ಟೆಯ ಗುಡ್ಡವೊಂದು ಬೇಸರ ಬಂದು ತಾನೇ ಊರು ಬಿಟ್ಟು ಹೊರಟ ಹಾಗೆ ಕಾಣುತ್ತಿತ್ತು.

ಅಷ್ಟು ಭಾರ ಹೊತ್ತವನಿಗೆ ಓಡುವುದಕ್ಕಿಂತ ನಿಲ್ಲುವುದು ಮುಖ್ಯ ಎಂದು ಮಾವನಿಗೆ ತಿಳಿಸಿಕೊಟ್ಟವರು ಬಳ್ಳಾರಿಯ ಒಬ್ಬ ಮುದುಕ ಮೆಕ್ಯಾನಿಕ್. ಡಿಸ್ಕ್ ಬ್ರೇಕಿನ ಗಾಡಿ ಕೊಂಡ ಹೊಸತರಲ್ಲಿ ಅವರ ಬಳಿ ಅರ್ಧ ದಿನ ಕೂತು ಬಂದ ಮಾವ, ಮನೆಗೆ ಬಂದವರೇ ನಮ್ಮನ್ನೆಲ್ಲ ಕರೆದು ಕೂರಿಸಿದರು. "ಎಲ್ಲಾರೂ ಇದನ್ನ ಬ್ರೇಕ್ ಆಯಿಲ್ ಅಂತಾರ. ಎಣ್ಣಿ ಅಲ್ಲ ಇದು! ಎಣ್ಣಿ ನೀರಿನ ಕೂಡ ಸೇರಂಗಿಲ್ಲ. ಇದು ಗಾಳಿಯಾಗಿನ ನೀರನ್ನ ತಾನಾಗೇ ಕುಡಿತೈತಿ. ಮಳಿಗಾಲದಾಗ ಬೆಲ್ಲ ನೀರು ಒಡಿತೈತಲ್ಲ, ಹಂಗ."

"ನಮ್ಮ ಊರ ಗಾಳಿಯಾಗ ನೀರೆಲ್ಲಿ ಐತಿ ಮಾಮಾ?" ಎಂದು ನಾನು ಕೇಳಿದೆ. ಪ್ರಶ್ನೆಯಲ್ಲಿ ತಪ್ಪೇನಿದೆ ಹೇಳಿ? ರಾಯದುರ್ಗದ ಬಿಸಿಲಿನಲ್ಲಿ ನಮಗೆ ಕುಡಿಯಲು ಸಿಗದ ನೀರು ಒಂದು ಡಬ್ಬಿಗೆ ಹೇಗೆ ಸಿಕ್ಕೀತು?

"ನಿನಗ ಕಾಣಂಗಿಲ್ಲ, ಅದಕ್ಕ ಕಾಣ್ತೈತಿ" ಎಂದರು ಮಾವ. "ವರ್ಷಾನುಗಟ್ಟಲೆ ಒಂದೊಂದೇ ಹನಿ ಕುಡಿತೈತಿ. ಒಂದಿನ ಇಳಿಜಾರಿನಾಗ ಬ್ರೇಕ್ ಹಿಡಿದು ಹಿಡಿದು ಡಿಸ್ಕ್ ಕೆಂಡ ಆಗ್ತೈತಿ. ಕುಡಿದ ನೀರು ಕುದ್ದು ಆವಿ ಆಗ್ತೈತಿ. ನೀ ಒತ್ತಿದ್ದನ್ನೆಲ್ಲ ಆ ಆವಿನೇ ನುಂಗಿ ಕುಗ್ಗತೈತಿ, ಚಕ್ರಕ್ಕ ಏನೂ ಮುಟ್ಟಂಗಿಲ್ಲ. ಅದಕ್ಕ ಎರಡು ವರ್ಷಕ್ಕೊಮ್ಮೆ ಎಲ್ಲಾ ತಗದು ಹೊಸಾದು ಹಾಕಬೇಕು. ಸೀಲ್ ಒಡೆದು ಇಟ್ಟ ಬಾಟ್ಲಿ ಮುಟ್ಟಬಾರದು, ಅದು ಬಾಟ್ಲಿಯಾಗೂ ಕುಡಿತಿರತೈತಿ."

ಈ ಉಪದೇಶದ ಹೊತ್ತಿನಲ್ಲಿ ನಮ್ಮ ಅತ್ತೆ, ಎಂದರೆ ಮಾವನ ಹೆಂಡತಿ, ಹೊಲಿಗೆಯಲ್ಲಿ ಮುಳುಗಿದ್ದರು. ಅದರ ಫಲ ಒಂದು ವಾರದಲ್ಲಿ ಕಂಡಿತು. ಮಾವ ಗಾಡಿಗೆ ಹಾಕಿ ಮಿಕ್ಕ ಬಾಟಲಿಯನ್ನು ಕಿಟಕಿಯಲ್ಲಿಟ್ಟು ಹೋಗಿದ್ದರು. ಅತ್ತೆಯ ಹೊಲಿಗೆ ಯಂತ್ರ ಅಂದು ಕಿರಗುಟ್ಟುತ್ತಿತ್ತು. ತವರಿನಿಂದ ಬಂದ ಯಂತ್ರ. ಕರಿಯ ಮೈ, ಮೈತುಂಬ ಚಿನ್ನದ ಬಣ್ಣದ ಬಳ್ಳಿ. ಅತ್ತೆ ಬ್ರೇಕ್ ಆಯಿಲನ್ನು ಧಾರಾಳವಾಗಿ ಅದಕ್ಕೆ ಹಾಕಿದರು. ಮರುದಿನ ಬಟ್ಟೆ ತೆಗೆದುಕೊಂಡು ಒರೆಸಿದರೆ ಚಿನ್ನದ ಬಳ್ಳಿ ಯಂತ್ರದಿಂದ ಎದ್ದು ಬಟ್ಟೆಗೆ ಬಂತು! ಆ ದ್ರವ ಬಣ್ಣವನ್ನು ತಿನ್ನುತ್ತದೆ ಎಂಬ ಸಂಗತಿಯನ್ನು ಮಾವ ನಮಗೆ ಇನ್ನೂ ಹೇಳಿರಲಿಲ್ಲ.

"ಎಣ್ಣಿ ಅಲ್ಲ, ಎಣ್ಣಿ ಅಲ್ಲ ಅಂತ ಬಡಕೊಂಡೆ!" ಎಂದು ಮಾವ ತಲೆಗೆ ಕೈ ಹೊತ್ತರು.

"ಊರೆಲ್ಲಾ ಎಣ್ಣಿ ಅಂತೈತಿ. ನೀವೊಬ್ಬರು ಅಲ್ಲ ಅಂದ್ರ ಊರು ನಂಬಲೋ ನಿಮ್ಮನ್ನ ನಂಬಲೋ?" ಎಂದರು ಅತ್ತೆ.

ಮಾವ ಯಂತ್ರವನ್ನು ಬಳ್ಳಾರಿಗೆ ಒಯ್ದು ಬಣ್ಣ ಹೊಡೆಸಿ ತಂದರು. ಬಣ್ಣದವನಿಗೆ ಬಳ್ಳಿ ಬರೆಯಲು ಬರುತ್ತಿರಲಿಲ್ಲವಂತೆ, ಗಿಳಿ ಬರೆದಿದ್ದ. ಅದು ಗಿಳಿ ಎಂದು ಮಾವ ಹೇಳಿದ್ದರಿಂದ ನಮಗೆ ಗೊತ್ತಾಯಿತು.

ಇಂಥ ಮನುಷ್ಯ ನನ್ನ ಮದುವೆಯಲ್ಲಿ ಸುಮ್ಮನಿರುವುದುಂಟೆ? ಮಡಕಶಿರಾ ಸೀಮೆಯಿಂದ, ಅಗಳಿ ಹತ್ತಿರದ ಹಳ್ಳಿಯಿಂದ, ನನ್ನನ್ನು ನೋಡಲು ಬಂದರು. ರಾಗಿ, ಹಿಪ್ಪುನೇರಳೆ ಬೆಳೆಯುವ ಮನೆತನ. ಹುಡುಗ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಚಿಕ್ಕಪ್ಪನನ್ನು ಹಿಂದೆ ಕೂರಿಸಿಕೊಂಡು, ಅಷ್ಟು ದೂರ ಮೋಟಾರ್ ಸೈಕಲ್ಲಿನಲ್ಲೇ ಬಂದಿದ್ದ. ನಾನು ಕಾಫಿಯ ತಟ್ಟೆ ಹಿಡಿದು ಹೊರಗೆ ಬಂದೆ. ಎಲ್ಲರಿಗೂ ಕೊಟ್ಟ ಮೇಲೂ ಒಂದು ಲೋಟ ಉಳಿಯಿತು. ಮಾವ ಎಲ್ಲಿ? ಕಿಟಕಿಯಲ್ಲಿ ಇಣುಕಿದರೆ ಹುಡುಗನ ಗಾಡಿಯ ಮುಂದೆ ಒಂದು ಕಣ್ಣು ಮುಚ್ಚಿಕೊಂಡು ಬಗ್ಗಿದ್ದಾರೆ!

ಮಾವ ಒಳಗೆ ಬಂದರು. ಕೂರಲಿಲ್ಲ. "ಗಾಡಿ ತೊಗೊಂಡು ಎಷ್ಟು ವರ್ಷ ಆತ್ರಿ?"

"ನಾಕ್ ವರ್ಷ ಆಯ್ತು" ಎಂದ ಹುಡುಗ.

"ಬ್ರೇಕಿಂದು ಒಮ್ಮೆಯಾದ್ರೂ ಬದಲಿ ಮಾಡೀರೇನು?"

"ಏನ್ನ?"

ಮಾವ ನಮ್ಮ ತಾಯಿಯ ಕಡೆ ತಿರುಗಿದರು. "ಡಿಕಾಕ್ಷನ್ ಆಗೈತಿ ಅಕ್ಕಾ, ಪೂರಾ ಡಿಕಾಕ್ಷನ್! ಇಂಥಾದ್ದನ್ನ ನಾ ಒಪ್ಪಂಗಿಲ್ಲ."

ಹುಡುಗನ ಚಿಕ್ಕಪ್ಪ ಕೈಯಲ್ಲಿದ್ದ ಲೋಟವನ್ನು ಒಮ್ಮೆ ನೋಡಿ, "ಯಾಕ್ ಸ್ವಾಮಿ, ಕಾಫಿ ಚೆನ್ನಾಗೇ ಐತಲ್ಲ?" ಎಂದರು.

ನಮ್ಮ ತಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ತಂದೆ ಎದ್ದು ಸುಮ್ಮನೆ ಹಿತ್ತಲಿಗೆ ಹೋದರು. ಐದು ನಿಮಿಷದಲ್ಲಿ ಅಂಗಳದ ನೋಟವೇ ಬದಲಾಯಿತು. ಪೆಟ್ರೋಲ್ ಟ್ಯಾಂಕಿನ ಬಣ್ಣ ಕೆಡದಿರಲೆಂದು ಒದ್ದೆ ಟವೆಲ್ ಹೊದಿಸಿ, ಚಕ್ರದ ಬಳಿಯ ಸಣ್ಣ ತಿರುಪಿಗೆ ಪಾರದರ್ಶಕ ಕೊಳವೆ ಸಿಕ್ಕಿಸಿ, ಅದರ ತುದಿಯನ್ನು ಬಾಟಲಿಗಿಳಿಸಿ, ಮಾವ ನೆಲದ ಮೇಲೆ ಕೂತುಬಿಟ್ಟರು. ಹೆಣ್ಣು ನೋಡಲು ಬಂದ ಹುಡುಗ ಬಿಳಿ ಅಂಗಿಯ ತೋಳು ಮಡಚಿ ಬ್ರೇಕ್ ಲಿವರ್ ಹಿಡಿದು ನಿಂತ.

"ಒತ್ತು!"

"ಒತ್ತಿದೆ."

"ಹಿಡಿ. ನಾ ಹೇಳೂ ಮಟಾ ಬಿಡಬ್ಯಾಡ. ಬಿಟ್ಟರ ಗಾಳಿ ಹೊಗತೈತಿ."

ಮಾವ ತಿರುಪು ಸಡಿಲಿಸುತ್ತಿದ್ದರು. ಕೊಳವೆಯಲ್ಲಿ ಕಪ್ಪು ದ್ರವ ಇಳಿಯುತ್ತಿತ್ತು. ತಿರುಪು ಬಿಗಿ ಮಾಡಿ, "ಈಗ ಬಿಡು" ಎನ್ನುತ್ತಿದ್ದರು. ಮೇಲಿನ ಡಬ್ಬಿ ಬರಿದಾಗುವ ಮೊದಲೇ ಹೊಸದು ಸುರಿಯುತ್ತಿದ್ದರು. ಮತ್ತೆ ಒತ್ತು, ಮತ್ತೆ ಹಿಡಿ, ಮತ್ತೆ ಬಿಡು. ನಾನು ಬಾಗಿಲ ಮರೆಯಿಂದ ನೋಡುತ್ತಿದ್ದೆ. ಒಳಗೆ ಹಿರಿಯರೆದುರು ಇಬ್ಬರನ್ನೂ ಕೂರಿಸಿದ್ದರೆ ನಾನು ನೆಲ ನೋಡುತ್ತಿದ್ದೆ, ಅವನು ಗೋಡೆ ನೋಡುತ್ತಿದ್ದ. ಇಲ್ಲಿ ಅರ್ಧ ಗಂಟೆ ಆ ಮನುಷ್ಯನ ಬೆನ್ನು, ಕೈ, ಹಣೆಯ ಬೆವರು, ತಾಳ್ಮೆ ಎಲ್ಲವನ್ನೂ ನೋಡಿದೆ. ಒಂದು ಸಲವೂ ಅವನು ಮುಖ ಗಂಟು ಹಾಕಲಿಲ್ಲ. ಕೊಳವೆಯಲ್ಲಿ ತಿಳಿ ಬಣ್ಣ ಬಂದಾಗ ಮಾತ್ರ, "ಅರೆ, ಹಿಂಗಿರ್ಬೇಕಾ ಇದು!" ಎಂದು ನಕ್ಕ.

ಮಾವ ಕೈ ಒರೆಸಿಕೊಳ್ಳುತ್ತ ಬಂದು ತೀರ್ಪು ಕೊಟ್ಟರು. "ಹಿಡಿ ಅಂದ್ರ ಹಿಡಿದ, ಬಿಡು ಅಂದ್ರ ಬಿಟ್ಟ. ನಡುವೆ ತನ್ನ ಬುದ್ಧಿ ಹಾಕಲಿಲ್ಲ. ಲಗ್ನ ಮಾಡ್ರಿ."

ಹಾಗೆ ನನ್ನ ಮದುವೆಯಾಯಿತು. ಜಾತಕಗಳೂ ಕೂಡಿದ್ದವಂತೆ. ಆ ವಿಚಾರವನ್ನು ಆಮೇಲೆ ಯಾರೂ ಎತ್ತಲಿಲ್ಲ.

ಗಂಡನ ಮನೆಯಲ್ಲಿ ಅಣ್ಣತಮ್ಮಂದಿರು ನಾಲ್ವರು. ಇದ್ದ ಹೊಲಕ್ಕೆ ಅಷ್ಟು ಕೈ ಬೇಡವೆಂದು ನಾವಿಬ್ಬರೂ ಹಿಂದೂಪುರದ ಕಡೆಯ ಒಂದು ಗಾರ್ಮೆಂಟ್ಸ್ ಸೇರಿ, ಹತ್ತಿರದಲ್ಲೇ ಒಂದು ಕೋಣೆ ಹಿಡಿದೆವು. ಜೀನ್ಸಿನ ಜೇಬು ಹೊಲಿದು ಬೆಳೆದ ಕೈ ನನ್ನದು, ಕೆಲಸ ಬೇಗ ಹತ್ತಿತು. ಎರಡು ವರ್ಷ ತುಂಬುತ್ತಿದ್ದಂತೆ, ಯುಗಾದಿ ಮುಗಿದ ವಾರ, ರಾಯದುರ್ಗದಿಂದ ಮಾವ ಗಾಡಿಯ ಮೇಲೆ ಬಂದಿಳಿದರು. ನಿಧಾನಕ್ಕೆ ಬರುವವರು, ಬೆಳಗಿನ ಜಾವ ಹೊರಟು ಮಧ್ಯಾಹ್ನ ತಲುಪಿದ್ದರು. ಚೀಲದಲ್ಲಿ ಅತ್ತೆ ಕಟ್ಟಿಕೊಟ್ಟ ಶೇಂಗಾ ಉಂಡೆ, ಅದರ ಪಕ್ಕದಲ್ಲಿ ಸೀಲ್ ಒಡೆಯದ ಒಂದು ಬಾಟಲಿ. ನನ್ನ ಗಂಡ ಏನೂ ಕೇಳದೆ ಅಂಗಿಯ ತೋಳು ಮಡಚಿದ.

ಮತ್ತೆ ಎರಡು ವರ್ಷಕ್ಕೆ ಬಂದಾಗ ನಾನು ಸೂಪರ್‌ವೈಸರ್ ಆಗಿ ಒಂದು ವಾರವಾಗಿತ್ತು. ಅರವತ್ತು ಹೆಂಗಸರ ಸಾಲು ನನ್ನ ಕೈಕೆಳಗೆ. ದನಿ ಗಡುಸು ಮಾಡಿಕೊಳ್ಳುವುದನ್ನು ಕಲಿಯುತ್ತಿದ್ದೆ. ನಮ್ಮ ಕೋಣೆಗೆ ಬೀಗ ಹಾಕಿತ್ತೆಂದು ಮಾವ ನೇರ ಕಾರ್ಖಾನೆಗೆ ಬಂದರು. ನನಗೆ ಬಿಡುವಾಗುವವರೆಗೆ ಮರದ ನೆರಳಲ್ಲಿ ಕೂತಿದ್ದರೆ ಏನಾಗುತ್ತಿತ್ತು? ಕೂರಲಿಲ್ಲ. ಗಾಡಿ ನಿಲ್ಲಿಸುವ ಶೆಡ್ಡಿಗೆ ಹೋದರು. ಸಾಲು ಸಾಲು ಮೋಟಾರ್ ಸೈಕಲ್ಲುಗಳು! ಹಸಿದವನನ್ನು ಮದುವೆಯ ಪಂಕ್ತಿಯಲ್ಲಿ ಕೂರಿಸಿದ ಹಾಗಾಗಿರಬೇಕು ಅವರಿಗೆ. ಒಂದೊಂದನ್ನೂ ಇಣುಕಿ ನೋಡಿ, ಬಣ್ಣ ಕೆಟ್ಟವುಗಳಿಗೆ ಚೀಟಿ ಬರೆದು ಲಿವರಿಗೆ ಸಿಕ್ಕಿಸುತ್ತ ಹೋದರು.

"ಎವರಯ್ಯಾ ನುವ್ವು?" ಯಾರಯ್ಯಾ ನೀನು ಎಂದು ಕಾವಲುಗಾರ ತೆಲುಗಿನಲ್ಲಿ ಗದರಿಕೊಂಡು ಓಡಿಬಂದ. ಪೆಟ್ರೋಲ್ ಕಳ್ಳ ಎಂದುಕೊಂಡಿದ್ದ. ಅಷ್ಟರಲ್ಲಿ ಊಟಕ್ಕೆ ಹೊರಟ ಮ್ಯಾನೇಜರು ತಮ್ಮ ಗಾಡಿಯ ಚೀಟಿ ಬಿಡಿಸಿ ಓದಿದರು: "ನಿಮ್ಮ ಜೀವದ ಮ್ಯಾಲೆ ನಿಮಗ ಆಸೆ ಇಲ್ಲೇನ್ರಿ?" ಕೆಳಗೆ ಹೆಸರಿಲ್ಲ, ಸಹಿಯಿಲ್ಲ. ನೀವೇ ಹೇಳಿ, ಕೊಲೆ ಬೆದರಿಕೆಯನ್ನು ಇದಕ್ಕಿಂತ ಚೆನ್ನಾಗಿ ಬರೆಯಲು ಸಾಧ್ಯವೇ?

ಮೈಕಿನಲ್ಲಿ ನನ್ನ ಹೆಸರು ಕೂಗಿದರು. ಇಳಿದು ಹೋದೆ. ಶೆಡ್ಡಿನ ನಡುವೆ, ಇಬ್ಬರು ಕಾವಲುಗಾರರು ತೋಳು ಹಿಡಿದುಕೊಂಡ ನಮ್ಮ ಮಾವ ನನ್ನನ್ನು ಕಂಡು ಅರಳಿದ ಮುಖದಿಂದ, "ಇವಳೇ ರಿ ನಮ್ಮ ಹುಡಿಗಿ!" ಎಂದರು. ಕಿಟಕಿಗಳಲ್ಲಿ ನನ್ನ ಸಾಲಿನ ಹೆಂಗಸರು ಕಿಸಕಿಸ ನಗುತ್ತಿದ್ದರು. ನಾನು ಮ್ಯಾನೇಜರಿಗೆ ಕೈಮುಗಿದೆ, ವಿವರಿಸಿದೆ, ಮತ್ತೆ ಕೈಮುಗಿದೆ. ವಿಷಯ ತಿಳಿದ ಮೇಲೆ ಅವರಿಗೂ ನಗು ಬಂತು. ಕಾವಲುಗಾರನಂತೂ ಮಾವನ ತೋಳು ಬಿಟ್ಟು, ತನ್ನ ಗಾಡಿಯನ್ನೂ ಒಮ್ಮೆ ನೋಡಬೇಕೆಂದು ಮೆಲ್ಲಗೆ ಕೇಳಿಕೊಂಡ.

ಎಲ್ಲರೂ ನಕ್ಕರು. ನಗದವಳು ನಾನೊಬ್ಬಳೇ. ಗೇಟಿನವರೆಗೆ ಮಾವನನ್ನು ಕರೆದುಕೊಂಡು ಹೋಗಿ, ಅರವತ್ತು ಜನರ ಮೇಲೆ ಕಲಿಯುತ್ತಿದ್ದ ಗಡುಸು ದನಿಯಲ್ಲೇ ಹೇಳಿದೆ: "ಮಾಮಾ, ಹಬ್ಬಕ್ಕ ಬರ್ರಿ, ಕಾರ್ಯಕ್ಕ ಬರ್ರಿ. ಇನ್ಮ್ಯಾಲೆ ಬ್ರೇಕಿಗಂತ ಬರಬ್ಯಾಡ್ರಿ. ನಮ್ಮ ಗಾಡಿ ನಾವು ನೋಡ್ಕೋತೀವಿ."

"ಹೌದವ್ವಾ" ಎಂದರು ಮಾವ. ಅಷ್ಟೇ. ನನ್ನ ಗಂಡ ನನಗಿಂತ ಮೊದಲೇ ಪಾಳಿ ಮುಗಿಸಿ ಬರುವುದನ್ನೇ ಕಾದು, ಅವನ ಗಾಡಿಗೆ ಹೊಸ ದ್ರವ ಹಾಕಿ, ಊಟಕ್ಕೂ ನಿಲ್ಲದೆ ಹೊರಟುಹೋಗಿದ್ದರು. ಸಂಜೆ ನಾನು ಕೋಣೆಗೆ ಬಂದಾಗ ಶೇಂಗಾ ಉಂಡೆಯ ಡಬ್ಬಿ ಮಾತ್ರ ಇತ್ತು.

ಮುಂದಿನ ಎರಡು ವರ್ಷ ಕಳೆಯಿತು. ಯುಗಾದಿ ಬಂತು, ಹೋಯಿತು. ಮಾವ ಬರಲಿಲ್ಲ.

"ಮಾವ ಈ ಸಲ ಬರ್ಲೇ ಇಲ್ವಲ್ಲ, ಒಂದ್ ಫೋನ್ ಮಾಡು" ಎಂದ ನನ್ನ ಗಂಡ.

"ಅವರಿಗೇ ನೆನಪಾದಾಗ ಬರ್ತಾರ ಬಿಡ್ರಿ" ಎಂದೆ. ಬೇಡವೆಂದವಳು ನಾನೇ ಎಂದು ಹೇಳಲು ನಾಲಿಗೆ ಏಳಲಿಲ್ಲ. ಇವತ್ತು ಮಾಡೋಣ, ನಾಳೆ ಮಾಡೋಣ ಎಂದುಕೊಂಡು ತಿಂಗಳುಗಳನ್ನು ತಳ್ಳಿದೆ. ಒಮ್ಮೆ ಡಬ್ಬಿಯ ಮಟ್ಟ ಇಳಿದಿದೆಯೆಂದು ನನ್ನ ಗಂಡ ಪಂಕ್ಚರ್ ಅಂಗಡಿಯೊಂದರಲ್ಲಿ ತುಂಬಿಸಿಕೊಂಡು ಬಂದ. ಬಾಟಲಿ ಸೀಲ್ ಇತ್ತೇ ಎಂದು ಅವನು ಕೇಳಲಿಲ್ಲ. ಕೇಳಿದಿರಾ ಎಂದು ನಾನೂ ಕೇಳಲಿಲ್ಲ.

ಅದೇ ವರ್ಷ ಕಡಲೆಕಾಯಿ ಕೀಳುವ ಕಾಲಕ್ಕೆ ಊರಿಗೆ ಹೋಗಿ, ಒಂದು ಚೀಲ ಕಾಯಿ, ಒಂದು ಚೀಲ ರಾಗಿ ಹೇರಿಕೊಂಡು ವಾಪಸ್ ಬರುತ್ತಿದ್ದೆವು. ಗುಡ್ಡ ಇಳಿಯುವ ಉದ್ದನೆಯ ದಾರಿ. ಮುಂದೆ ಒಂದು ಲಾರಿ ತೆವಳುತ್ತಿತ್ತು. ಅದರ ಹಿಂದೆ ಬ್ರೇಕ್ ಹಿಡಿಯುತ್ತ ಹಿಡಿಯುತ್ತ ಇಳಿದೆವು. ಕೊನೆಯ ತಿರುವಿನಲ್ಲಿ ಲಾರಿ ಫಕ್ಕನೆ ನಿಂತಿತು. ನನ್ನ ಗಂಡನ ಕೈಯಲ್ಲಿ ಲಿವರ್ ಬೆಣ್ಣೆಯಲ್ಲಿಳಿದ ಹಾಗೆ ಹ್ಯಾಂಡಲ್ಲಿನವರೆಗೂ ಇಳಿದದ್ದನ್ನು ನಾನು ಅವನ ಭುಜದ ಮೇಲಿಂದ ಕಂಡೆ.

"ಹಿಡೀತಿಲ್ಲ ಕಣೇ!" ಎಂದ.

ಹಿಂದಿನ ಬ್ರೇಕನ್ನು ತುಳಿದು, ಗೇರ್ ಇಳಿಸಿ, ಲಾರಿಯನ್ನು ತಪ್ಪಿಸಿ ಗಾಡಿಯನ್ನು ಎಡಕ್ಕೆ ಹೊರಳಿಸಿದ. ಬೇಲಿ ಮುರಿದುಕೊಂಡು ರಾಗಿ ಹೊಲದಲ್ಲಿ ಬಿದ್ದೆವು. ಅವನಿಗೆ ಮೊಣಕೈ ತರಚಿತು, ನನ್ನ ಕಾಲಿನ ಮೂಳೆ ಮುರಿಯಿತು. ಲಾರಿಯ ಹಿಂಬದಿಯ ಕಬ್ಬಿಣ ನಾವು ಬಿದ್ದ ಜಾಗದಿಂದ ಒಂದು ಮಾರು ದೂರದಲ್ಲಿತ್ತು.

ನನ್ನ ಗಂಡ ರಾತ್ರಿಯೇ ಫೋನ್ ಮಾಡಿದ್ದ, ಮರುದಿನ ಮಧ್ಯಾಹ್ನ ಮಾವ ಬಂದರು. ನಾನು ಪಟ್ಟಿ ಹಾಕಿದ ಕಾಲು ಚಾಚಿಕೊಂಡು ಮಂಚದ ಮೇಲಿದ್ದೆ. ರಾಯದುರ್ಗದಿಂದ ಹಿಂದೂಪುರದವರೆಗೆ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿರುವ ಉಪದೇಶವನ್ನು ಕೇಳಲು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಕೇಳಬೇಕಾದ್ದೇ ಅಲ್ಲವೇ? ಮಾವ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು ಮಂಚದ ತುದಿಯಲ್ಲಿ ಕೂತರು. ನನ್ನ ಕಾಲಿನ ಪಟ್ಟಿಯನ್ನೇ ನೋಡಿದರು.

"ಮಾಮಾ, ಬೈರ್ರಿ" ಎಂದೆ.

"ಯಾಕ ಬೈಲಿ?"

"ಗಾಡಿ ಮ್ಯಾಲೆ ಬಂದ್ರೇನ್ರಿ?" ಏನಾದರೂ ಕೇಳಬೇಕಲ್ಲ ಎಂದು ಕೇಳಿದೆ.

"ಇಲ್ಲವ್ವಾ, ಬಸ್ಸಿಗೆ ಬಂದೆ. ಫೋನ್ ಬಂದಾಗಿಂದ ಕೈ ನಿಂತಿಲ್ಲ ನೋಡು" ಎಂದು ಎರಡು ಕೈಗಳನ್ನೂ ಮುಂದೆ ಚಾಚಿದರು. ಉಗುರುಗಳಲ್ಲಿ ಜೀನ್ಸಿನ ನೀಲಿ. ಆ ಕೈಗಳು ಗಾಳಿಗೆ ಸಿಕ್ಕಿದ ಎಲೆಯ ಹಾಗೆ ಅದುರುತ್ತಿದ್ದವು.

ನೆಲ ನೋಡುತ್ತ ಹೇಳಿದರು: "ಯುಗಾದಿ ಆದ ಮ್ಯಾಲೆ ಬಂದಿದ್ದೆ ಯವ್ವಾ. ಬಾಟ್ಲಿ ತೊಗೊಂಡು ಕಲ್ಯಾಣದುರ್ಗದ ಮಟಾ ಬಂದಿದ್ದೆ. ಚಾ ಕುಡ್ಯಾಕ ನಿಂತೆ, ಬರಬ್ಯಾಡ ಅಂದಿದ್ದು ನೆನಪಾತು. ನಿನಗ ಮತ್ತ ನಾಚಿಕಿ ಆದೀತು ಅಂತ ಅಲ್ಲಿಂದನ ತಿರುಗಿಸಿಕೊಂಡು ಹೋದೆ. ನಾ ಬಂದುಬಿಡಬೇಕಿತ್ತು. ನೀ ಬೈದಿದ್ರೂ ಬಂದುಬಿಡಬೇಕಿತ್ತು."

ತಪ್ಪಾಯಿತು ಎನ್ನಲು ಬಾಯಿ ತೆರೆದರೆ ಅಳು ಬಂತು. ಮಾವ ಗಾಬರಿಯಾದರು. ಅಳುವ ಹೆಂಗಸರ ಮುಂದೆ ಏನು ಮಾಡಬೇಕೆಂದು ಆ ಮನುಷ್ಯನಿಗೆ ಎಂದೂ ತಿಳಿದಿರಲಿಲ್ಲ. ಎದ್ದು ಸುಮ್ಮನೆ ಆಚೀಚೆ ನೋಡಿದರು. ಒಲೆಯ ಪಕ್ಕ ನನ್ನ ಗಂಡ ಮಾಡಿಟ್ಟಿದ್ದ ಮುದ್ದೆಯೂ ಸಾರೂ ಇದ್ದವು. ತಟ್ಟೆಗೆ ಹಾಕಿಕೊಂಡು ಬಂದು ಮತ್ತೆ ಮಂಚದ ತುದಿಯಲ್ಲಿ ಕೂತರು. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಅದುರುವ ಕೈಯಿಂದಲೇ ನನ್ನ ಬಾಯಿಯ ಹತ್ತಿರ ಹಿಡಿದರು. ಅರ್ಧ ಸಾರು ಹೊದಿಕೆಯ ಮೇಲೆ ಚೆಲ್ಲಿತು.

"ಮೊದ್ಲು ಉಣ್ಣು" ಎಂದರು.

ಅರವತ್ತು ಜನರನ್ನು ಗದರುವ ಸೂಪರ್‌ವೈಸರ್ ನಾನು, ಮೂಗು ಒರೆಸಿಕೊಂಡು, ಚಿಕ್ಕ ಹುಡುಗಿಯ ಹಾಗೆ ಬಾಯಿ ತೆರೆದೆ.